ಸಾಲದ ಲೆಕ್ಕ, ಮಂಗಗಳ ಲೆಕ್ಕ

'ಮೈನಸ್ಸಿಗೆ ಮೈನಸ್ ಪ್ಲಸ್' ಎಂದು ನಾವೆಲ್ಲ ಬಾಯಿಪಾಠ ಮಾಡಿದವರೇ. ಯಾಕೆ ಅಂತ ಕೇಳಿದರೆ ಮೇಷ್ಟ್ರ ಬೆತ್ತವೇ ಉತ್ತರ. ನನಗೆ ಅದು ಅರ್ಥವಾದದ್ದು ಮುಂಬಯಿಗೆ ಬಂದ ಮೇಲೆ, 1978ರಲ್ಲಿ, ಮಾಟುಂಗದ ಒಂದು ಹೋಟೆಲಿನ ತಿಂಗಳ ಖಾತೆಯಿಂದ. ಜೇಬಿನಲ್ಲಿ 30 ರೂಪಾಯಿ, ಖಾತೆಯಲ್ಲಿ 50 ಬಾಕಿ. ಅಂದರೆ ನನ್ನ ಒಟ್ಟು ಆಸ್ತಿ ಮೈನಸ್ 20! ಚೌತಿಯ ದಿನ ಧಣಿಗಳು 20 ರೂಪಾಯಿ ಹೊಡೆದು ಹಾಕಿದರು. ಕೈಗೆ ಒಂದು ಪೈಸೆ ಬರಲಿಲ್ಲ, ಆದರೂ ಸೊನ್ನೆಗೆ ಏರಿದೆ. ಸಾಲವನ್ನು ಕಳೆದರೆ ಅದು ಕೂಡಿದಂತೆಯೇ. ಹತ್ತು ಹತ್ತು ರೂಪಾಯಿಯ ಮೂರು ಸಾಲ ಕಳೆದರೆ 30 ಲಾಭ. ಮೈನಸ್ 3 ಗುಣಿಸು ಮೈನಸ್ 10 ಅಂದರೆ ಇಷ್ಟೇ.

ಇದನ್ನು ನಿಯಮವಾಗಿ ಬರೆದಿಟ್ಟವನು ಬ್ರಹ್ಮಗುಪ್ತ. ಊರು ಭಿಲ್ಲಮಾಲ, ಈಗಿನ ರಾಜಸ್ಥಾನದ ಭೀನ್‌ಮಾಲ್. ಕ್ರಿ.ಶ. 628ರ 'ಬ್ರಾಹ್ಮಸ್ಫುಟಸಿದ್ಧಾಂತ'ದಲ್ಲಿ ಅವನು ಬಳಸಿದ ಪದಗಳು ಧನ ಮತ್ತು ಋಣ. ಸೊನ್ನೆಯಿಂದ ಋಣ ಕಳೆದರೆ ಧನ, ಸೊನ್ನೆಯಿಂದ ಧನ ಕಳೆದರೆ ಋಣ, ಋಣ ಋಣಗಳ ಗುಣಲಬ್ಧ ಧನ. ನಮ್ಮ ಕನ್ನಡ ಪಠ್ಯಪುಸ್ತಕಗಳ ಧನ ಸಂಖ್ಯೆ, ಋಣ ಸಂಖ್ಯೆಗಳು ಅದೇ ಮಾತುಗಳು. (ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದೂ ಹೇಳಿಬಿಟ್ಟ. ಅದು ನಿಲ್ಲಲಿಲ್ಲ, ಬಿಡಿ.) ಹಾಗಂತ ಎಲ್ಲ ನಮ್ಮವರದೇ ಎಂದು ಮೀಸೆ ತಿರುವುವಂತಿಲ್ಲ. ಅದಕ್ಕೂ ಮೊದಲೇ ಚೀನಾದವರು ಧನಕ್ಕೆ ಕೆಂಪು ಕಡ್ಡಿ, ಋಣಕ್ಕೆ ಕಪ್ಪು ಕಡ್ಡಿ ಇಟ್ಟು ಲೆಕ್ಕ ಮಾಡುತ್ತಿದ್ದರು.

ಕನ್ನಡಿಗರಿಗೆ ಹತ್ತಿರದವನು ಮಹಾವೀರಾಚಾರ್ಯ. ಒಂಬತ್ತನೆಯ ಶತಮಾನದ ಅವನ 'ಗಣಿತಸಾರಸಂಗ್ರಹ' ಶುರುವಿನಲ್ಲೇ ನಮ್ಮ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನನ್ನು ಹೊಗಳುತ್ತದೆ. ಧನದ ವರ್ಗವೂ ಧನ, ಋಣದ ವರ್ಗವೂ ಧನ. ಹಾಗಾಗಿ ಋಣಕ್ಕೆ ವರ್ಗಮೂಲವೇ ಇಲ್ಲ ಎಂದ ಪುಣ್ಯಾತ್ಮ.

ನನಗೆ ತುಂಬ ಇಷ್ಟವಾದದ್ದು ಎರಡನೆಯ ಭಾಸ್ಕರನ ಮಂಗಗಳು. (ಅವನ ಊರು ವಿಜಾಪುರವೋ ಖಾನದೇಶವೋ ಎಂದು ಮರಾಠಿ ಗೆಳೆಯರ ಜತೆ ಜಗಳಕ್ಕೆ ನಾನಿಲ್ಲ!) 'ಬೀಜಗಣಿತ'ದಲ್ಲಿ ಅವನ ಪ್ರಶ್ನೆ ಹೀಗಿದೆ: ಮಂಗಗಳ ಹಿಂಡಿನ ಐದನೇ ಒಂದು ಭಾಗದಲ್ಲಿ ಮೂರು ಕಳೆದು ವರ್ಗ ಮಾಡಿದಷ್ಟು ಗುಹೆಗೆ ಹೋದವು, ಒಂದು ಕೊಂಬೆಯ ಮೇಲೆ ಉಳಿಯಿತು. ಒಟ್ಟು ಎಷ್ಟು? ಐವತ್ತು ಅನ್ನಿ: ಹತ್ತರಲ್ಲಿ ಮೂರು ಹೋದರೆ ಏಳು, ಏಳೇಳಲ ನಲವತ್ತೊಂಬತ್ತು, ಮೇಲೊಂದು. ಸರಿ. ಆದರೆ ಐದು ಅಂದರೂ ಲೆಕ್ಕ ಕೂಡುತ್ತದೆ! ಒಂದರಲ್ಲಿ ಮೂರು ಹೋದರೆ ಮೈನಸ್ ಎರಡು, ಅದರ ವರ್ಗ ನಾಲ್ಕು, ಮೇಲೊಂದು. ಭಾಸ್ಕರ ಇದನ್ನು ಕಂಡ. ಕಂಡೂ ಐದನ್ನು ಬಿಟ್ಟ. ಒಂದು ಮಂಗದಲ್ಲಿ ಮೂರು ಮಂಗ ಕಳೆಯುವುದನ್ನು ಜನ ಒಪ್ಪುವುದಿಲ್ಲವಂತೆ.

ಜನ ಒಪ್ಪಲು ಬಹಳ ಕಾಲ ಹಿಡಿಯಿತು. 1758ರಲ್ಲೂ ಇಂಗ್ಲೆಂಡಿನ ಫ್ರಾನ್ಸಿಸ್ ಮಸೆರೆಸ್ ಎಂಬಾತ ಋಣ ಸಂಖ್ಯೆಗಳ ವಿರುದ್ಧ ಒಂದು ಪುಸ್ತಕವನ್ನೇ ಬರೆದ. ಪಾಪ, ಅವನಿಗೆ ಹೋಟೆಲಿನಲ್ಲಿ ಖಾತೆ ಇರಲಿಲ್ಲವೋ ಏನೋ.