ಜಾವಾ ಗಾಡಿಯೂ ಮನೆಯ ಅಂಗಳವೂ

ಹೊಸೂರಿನಿಂದ ರಾಯಕೋಟೆಗೆ ಹೋಗುವ ಹಾದಿಯಲ್ಲಿರುವ ನಮ್ಮ ಉದ್ದನಪಲ್ಲಿಯ ಸೀಮೆಯ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ವೀರಗಲ್ಲುಗಳ ಕಡೆಗೂ ಶಾಸನಗಳ ಕಡೆಗೂ ತಿರುಗುವುದು ವಾಡಿಕೆ. ಅದು ಸರಿಯಾದ ದಾರಿಯೇ. ಆದರೆ ಕಲ್ಲಿಗೆ ಚರಿತ್ರೆಯಿರುವಂತೆ ಕಬ್ಬಿಣಕ್ಕೂ ಚರಿತ್ರೆಯುಂಟು. ಅದನ್ನು ಓದಲು ಲಿಪಿಜ್ಞಾನ ಬೇಡ, ಕೈಗೆ ಮಸಿ ಮೆತ್ತಿಕೊಳ್ಳುವ ಮನಸ್ಸಿದ್ದರೆ ಸಾಕು. ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಬಳಗದ ನಿವೃತ್ತ ಉಪಾಧ್ಯಾಯರೊಬ್ಬರ ಮನೆಯ ಕೊಟ್ಟಿಗೆಯಿಂದ ಹಳೆಯ ಜಾವಾ ಮೋಟಾರು ಸೈಕಲ್ಲೊಂದನ್ನು ಹೊರಕ್ಕೆಳೆದಾಗ ಈ ಮಾತು ನಮಗೆ ಮನದಟ್ಟಾಯಿತು. ಗುಜರಿಯವನು ಅದನ್ನು ನೋಡಿ, ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋಗಿದ್ದನು. ಮನೆಯವರು ಒಪ್ಪಿಯೂ ಇದ್ದರು. ಮೇಷ್ಟರು ಮಾತ್ರ, “ಒಂದು ತಿಂಗಳು ಸೈರಿಸಿ. ಉಸಿರಾಡದಿದ್ದರೆ ಕೊಟ್ಟುಬಿಡೋಣ” ಎಂದರು. ಆ ಒಂದು ತಿಂಗಳು ನಾವು, ಮೇಲ್ತರಗತಿಯ ಮೂವರು ವಿದ್ಯಾರ್ಥಿಗಳೊಡನೆ, ಅವರ ಅಂಗಳದಲ್ಲಿ ಕಳೆದೆವು.

ಮೊದಲು ಹೆಸರಿನ ವಿಷಯ. ಜಾವಾ ಎಂದೊಡನೆ ನಮ್ಮ ಹುಡುಗರು ಭೂಗೋಳದ ಪುಸ್ತಕದಲ್ಲಿನ ದ್ವೀಪವನ್ನು ನೆನೆದರು. ಸಂಬಂಧವಿಲ್ಲ. ಜೆಕೊಸ್ಲೊವಾಕಿಯದ ಫ್ರಾಂಟಿಷೆಕ್ ಯಾನೆಚೆಕ್ ಎಂಬ ಯಂತ್ರಶಿಲ್ಪಿಯು 1929ರಲ್ಲಿ ವಾಂಡರರ್ ಎಂಬ ಜರ್ಮನ್ ಸಂಸ್ಥೆಯಿಂದ ಮೋಟಾರು ಸೈಕಲ್ ತಯಾರಿಕೆಯ ಹಕ್ಕನ್ನು ಕೊಂಡು, ತನ್ನ ಹೆಸರಿನ ಮೊದಲ ಎರಡಕ್ಷರವನ್ನೂ ಆ ಸಂಸ್ಥೆಯ ಹೆಸರಿನ ಮೊದಲ ಎರಡಕ್ಷರವನ್ನೂ ಕೂಡಿಸಿದನು. ಅವರ ಲಿಪಿಯಲ್ಲಿ ಅದು ‘ಯಾವಾ’ ಎಂದಾಗುತ್ತದೆ. ಇಂಗ್ಲಿಷಿನ ಮೂಲಕ ನಮ್ಮಲ್ಲಿಗೆ ಬಂದು ‘ಜಾವಾ’ ಆಯಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಆ ಕಾರ್ಖಾನೆಯು ರಾಷ್ಟ್ರೀಕರಣವಾಯಿತು. ಅಲ್ಲಿಂದ 1954ರಲ್ಲಿ ಹೊರಬಿದ್ದ 250 ಸಿ.ಸಿ.ಯ ಮಾದರಿಯೇ ನಮ್ಮ ನಾಡಿನವರು ಬಲ್ಲ ಜಾವಾದ ಮೂಲಪುರುಷ.

ಇದು ಮೈಸೂರಿಗೆ ಬಂದ ಬಗೆ ಹೀಗೆ. ಮುಂಬಯಿಯಲ್ಲಿ ಈ ಗಾಡಿಗಳನ್ನು ಹೊರದೇಶದಿಂದ ತರಿಸಿ ಮಾರುತ್ತಿದ್ದ ಪಾರಸಿ ಮತದ ಇರಾನಿ ಮನೆತನದವರಿಗೆ, ಆಮದಿನ ಮೇಲೆ ಸರ್ಕಾರದ ಕಟ್ಟುಪಾಡು ಬಿಗಿಯಾದಾಗ, ಇಲ್ಲಿಯೇ ತಯಾರಿಸುವುದೊಂದೇ ಉಪಾಯವಾಗಿ ಕಂಡಿತು. ರುಸ್ತುಂ ಇರಾನಿಯವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಕಟ್ಟಿದರು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು ಅದನ್ನು ಉದ್ಘಾಟಿಸಿದರು. 1961ರ ಹೊತ್ತಿಗೆ ಮೈಸೂರಿನ ಜಾವಾ ರಸ್ತೆಗೆ ಇಳಿದಿತ್ತು. 1973ರಲ್ಲಿ ಅದರ ಹೆಸರು ಯೆಜ್ಡಿ ಎಂದಾಯಿತು. ಅದು ಇರಾನಿನ ಯಜ್ದ್ ಎಂಬ ಪಟ್ಟಣದ ಹೆಸರಿನಿಂದ ಬಂದದ್ದು. ಪಾರಸಿಕ ಪಟ್ಟಣದ ಹೆಸರು, ಜೆಕ್ ವಿನ್ಯಾಸ, ಕನ್ನಡಿಗ ಕಾರ್ಮಿಕರ ಕೈಕೆಲಸ: ಇಂಥ ಸಂಗಮವನ್ನು ನಾವು ಬೇರೆಡೆ ಕಾಣೆವು.

ಗಾಡಿಯ ರಚನೆಯನ್ನು ಸ್ವಲ್ಪ ಹೇಳದಿದ್ದರೆ ಮುಂದಿನ ಮಾತು ತಿಳಿಯದು. ಒಂದೇ ಸಿಲಿಂಡರು. ಅದರ ವ್ಯಾಸ 65 ಮಿಲಿಮೀಟರು, ಪಿಸ್ಟನ್ ಏರಿಳಿಯುವ ದೂರ 75 ಮಿಲಿಮೀಟರು. ಗಣಿತದ ಮೇಷ್ಟರುಗಳು ತರಗತಿಯಲ್ಲಿ ಇದರ ಘನಫಲವನ್ನು ಮಾಡಿಸಬಹುದು. 249 ಘನ ಸೆಂಟಿಮೀಟರಿಗೆ ಕೂದಲೆಳೆಯಷ್ಟು ಕಡಮೆ ಬರುತ್ತದೆ. ಸಿಲಿಂಡರು ಒಂದಾದರೂ ಹೊಗೆಕೊಳವೆ ಎರಡು, ಎಡಕ್ಕೊಂದು ಬಲಕ್ಕೊಂದು. ಎಡಗಾಲಿನ ಬಳಿ ಇರುವ ಒಂದೇ ಸನ್ನೆ ಎರಡು ಕೆಲಸ ಮಾಡುತ್ತದೆ. ಒಳಕ್ಕೊತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕು, ಮರಳಿ ಮುಂದಕ್ಕೆ ಮಲಗಿಸಿದರೆ ಗೇರು. ಇದರ ಗುಟ್ಟನ್ನರಿಯದ ಕಳ್ಳನು ಗಾಡಿಯನ್ನು ತಳ್ಳಿಕೊಂಡೇ ಹೋಗಬೇಕಾಗುತ್ತಿತ್ತೆಂದು ಮೇಷ್ಟರು ನಗುತ್ತಾರೆ.

ಎರಡು ಹೊಡೆತದ ಎಂಜಿನ್ನಿನಲ್ಲಿ ಎಣ್ಣೆಗೆ ಬೇರೆ ಮನೆಯಿಲ್ಲ. ಪೆಟ್ರೋಲಿನೊಡನೆಯೇ ಎಣ್ಣೆಯನ್ನು ಬೆರೆಸಬೇಕು. ಸುಮಾರು 25 ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ. ಆ ಎಣ್ಣೆಯೇ ಒಳಗಿನ ಬೇರಿಂಗುಗಳನ್ನೂ ಪಿಸ್ಟನ್ನನ್ನೂ ಕಾಪಾಡಿ, ಕಡೆಗೆ ತಾನೂ ಉರಿದು, ನೀಲಿ ಹೊಗೆಯಾಗಿ ಹೊರಟುಹೋಗುತ್ತದೆ. ನಮ್ಮ ಮೇಷ್ಟರ ಗಾಡಿ ಕೊಟ್ಟಿಗೆ ಸೇರಿದ್ದು ಈ ಒಂದು ವಿಷಯದಿಂದಲೇ. ಊರಿಗೆ ಬಂದ ನೆಂಟರ ಹುಡುಗನೊಬ್ಬನು ಈಗಿನ ಗಾಡಿಗಳಂತೆಯೇ ಇದೂ ಎಂದು ಬಗೆದು, ಬರಿಯ ಪೆಟ್ರೋಲು ತುಂಬಿಸಿ, ರಾಯಕೋಟೆಯ ಕಡೆಗೆ ಓಡಿಸಿದನು. ದಾರಿಯಲ್ಲಿ ಪಿಸ್ಟನ್ ಕಾದು ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಂಡಿತು. ಹಿಂದಿನ ಚಕ್ರ ಬಿಗಿದು ಜಾರಿತು. ಹುಡುಗನಿಗೆ ಮೊಣಕೈ ತರಚಿದ್ದಷ್ಟೇ ಪುಣ್ಯ. ಗಾಡಿಯಂತೂ ಅಂದಿನಿಂದ ಹನ್ನೊಂದು ವರ್ಷ ಅಲುಗಲಿಲ್ಲ.

ಹಳೆಯ ಕಾಲದಲ್ಲಿ ಇಂಥ ಗಾಡಿಗಳನ್ನು ಮನೆಯಲ್ಲಿಯೇ ಏಕೆ ರಿಪೇರಿ ಮಾಡುತ್ತಿದ್ದರು ಎಂದು ವಿದ್ಯಾರ್ಥಿಗಳು ಕೇಳಿದರು. ಹವ್ಯಾಸಕ್ಕಾಗಿ ಎಂದು ಅವರ ಊಹೆ. ಅಲ್ಲ, ಬೇರೆ ಗತಿಯಿರಲಿಲ್ಲ. 1960ರ ದಶಕದಲ್ಲಿ ಹೊಸೂರು ಸೇಲಂ ಜಿಲ್ಲೆಯ ಉತ್ತರದ ಮೂಲೆಯಲ್ಲಿದ್ದ ಒಂದು ಸಣ್ಣ ಊರು. 1965ರಲ್ಲಿ ಧರ್ಮಪುರಿ ಜಿಲ್ಲೆಯಾದಾಗ ಅದಕ್ಕೆ ಸೇರಿತು. ಈಗಿನ ಕೃಷ್ಣಗಿರಿ ಜಿಲ್ಲೆ 2004ರದು. ಬೆಂಗಳೂರು 40 ಕಿಲೋಮೀಟರು ದೂರ. ಬಿಡಿಭಾಗ ಬೇಕಾದರೆ ಬಸ್ಸು ಹತ್ತಿ ಜೆ.ಸಿ. ರಸ್ತೆಗೆ ಹೋಗಬೇಕು, ಹಳೆಯ ಭಾಗವಾದರೂ ಸಾಕೆಂದರೆ ಶಿವಾಜಿನಗರದ ಗುಜರಿಯಲ್ಲಿ ಹುಡುಕಬೇಕು. ಇಡೀ ದಿನ ಹೋದಂತೆಯೇ. ಉಪಾಧ್ಯಾಯರಿಗೆ ಭಾನುವಾರವೊಂದೇ ಬಿಡುವು. ಆದ್ದರಿಂದ ಪ್ಲಗ್ಗು ಒರೆಸುವುದು, ಪಾಯಿಂಟು ಸರಿಮಾಡುವುದು, ಚೈನು ಬಿಗಿಸುವುದು, ಕ್ಲಚ್ಚಿನ ತಂತಿ ಬದಲಿಸುವುದು—ಇವೆಲ್ಲ ಗಾಡಿಯಿದ್ದ ಮನೆಯ ನಿತ್ಯಕರ್ಮದೊಳಗೆ ಸೇರಿಹೋಗಿದ್ದವು. ದೂರ ಪ್ರಯಾಣ ಹೊರಡುವವರು ಹೊಸ ಕ್ಲಚ್ ತಂತಿಯನ್ನು ಹಳೆಯದರ ಜೊತೆಗೇ ಮೊದಲೇ ಕಟ್ಟಿಕೊಂಡಿರುತ್ತಿದ್ದರು. ದಾರಿಯಲ್ಲಿ ಹರಿದರೆ ಎರಡು ತುದಿ ಸಿಕ್ಕಿಸಿದರೆ ಮುಗಿಯಿತು. ಮೇಷ್ಟರು ಹೀಗೆಯೇ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಮೈಸೂರಿನ ದಸರೆಗೆ ನಾಲ್ಕು ಸಲ ಹೋಗಿಬಂದವರು.

ಇಲ್ಲಿ ಸ್ಪ್ಯಾನರುಗಳ ಬಗ್ಗೆ ಒಂದು ಮಾತು ಹೇಳಲೇಬೇಕು, ನಮಗೆ ಅತ್ಯಂತ ರುಚಿಸಿದ ಸಂಗತಿ ಅದೇ. ಮೇಷ್ಟರ ಪೆಟ್ಟಿಗೆಯಲ್ಲಿ ಎರಡು ಜೊತೆ ಸ್ಪ್ಯಾನರುಗಳಿದ್ದವು. ಒಂದು ಜಾವಾದ್ದು, ಇನ್ನೊಂದು ಅವರ ಭಾವನವರ ಬುಲೆಟ್ಟಿಗಾಗಿ. ಒಂದರದು ಇನ್ನೊಂದಕ್ಕೆ ಹಿಡಿಯುವುದಿಲ್ಲ. ಬುಲೆಟ್ಟು ಇಂಗ್ಲೆಂಡಿನ ರೆಡಿಚ್ ಊರಿನ ರಾಯಲ್ ಎನ್‌ಫೀಲ್ಡ್ ಸಂಸ್ಥೆಯ ಸೃಷ್ಟಿ. 1955ರಲ್ಲಿ ಮದರಾಸು ಮೋಟಾರ್ಸ್‌ನವರ ಜೊತೆಗೂಡಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿತು. ತಿರುವೊಟ್ರಿಯೂರಿನ ಕಾರ್ಖಾನೆಯಲ್ಲಿ ಅದು ಮೊದಲು ಜೋಡಣೆಯಾಗಿ ಬರಬರುತ್ತ ಪೂರ್ತಿಯಾಗಿ ಇಲ್ಲಿಯೇ ತಯಾರಾಯಿತು. ಅದರ ತಿರುಪುಗಳು ಅಂಗುಲದ ಲೆಕ್ಕದವು, ಬ್ರಿಟಿಷ್ ಅಳತೆಯವು. ಜಾವಾ ಯೂರೋಪಿನ ನಡುನಾಡಿನಿಂದ ಬಂದದ್ದರಿಂದ ಮಿಲಿಮೀಟರಿನ ಲೆಕ್ಕ. ನಮ್ಮ ದೇಶವು ತೂಕ ಅಳತೆಗಳ ಕಾನೂನನ್ನು 1956ರಲ್ಲಿ ಮಾಡಿ, 1957ರಲ್ಲಿ ನಯಾ ಪೈಸೆಯನ್ನು ತಂದು, ಶಾಲೆಗಳಲ್ಲಿ ಸೇರು ಮಣಗಳನ್ನು ಬಿಡಿಸಿ ಕಿಲೋಗ್ರಾಮನ್ನು ಕಲಿಸುತ್ತಿದ್ದ ಕಾಲ ಅದು. ಹೋಗುತ್ತಿದ್ದ ಅಳತೆಯೂ ಬರುತ್ತಿದ್ದ ಅಳತೆಯೂ ಒಂದೇ ಪೆಟ್ಟಿಗೆಯಲ್ಲಿ ಅಕ್ಕಪಕ್ಕದಲ್ಲಿ ಮಲಗಿದ್ದವು. ರೆಡಿಚ್ಚಿನ ಕಾರ್ಖಾನೆ 1967ರಲ್ಲಿ ಮುಚ್ಚಿದ ಮೇಲೂ ಮದರಾಸಿನ ಬುಲೆಟ್ಟು ಹಳೆಯ ರೂಪದಲ್ಲಿಯೇ ಬಹುಕಾಲ ಉಳಿಯಿತೆಂಬುದು ಇನ್ನೊಂದು ಸೋಜಿಗ.

ಇನ್ನು ಕೆಲಸದ ವಿಷಯ. ಕಚ್ಚಿಕೊಂಡ ಎಂಜಿನ್ನನ್ನು ಬಲದಿಂದ ತಿರುಗಿಸಬಾರದು. ಪ್ಲಗ್ಗು ಬಿಚ್ಚಿ ಆ ರಂಧ್ರದಲ್ಲಿ ಸೀಮೆ ಎಣ್ಣೆಯನ್ನೂ ಎಂಜಿನ್ ಎಣ್ಣೆಯನ್ನೂ ಬೆರೆಸಿ ಹುಯ್ದು, ಐದು ದಿನ ಬಿಟ್ಟೆವು. ಆರನೆಯ ದಿನ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲನೆ ಅಲುಗಿಸಿದಾಗ ಒಳಗಿನಿಂದ ಟಕ್ಕೆಂಬ ಸದ್ದು ಕೇಳಿಸಿತು. ಮೇಷ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ತಲೆಯನ್ನು ಬಿಚ್ಚಿ ಸಿಲಿಂಡರನ್ನು ಮೇಲೆತ್ತಿ ನೋಡಿದರೆ ಒಳಗೋಡೆಯಲ್ಲಿ ಉದ್ದುದ್ದ ಗೀರುಗಳು. ಇದು ಅಂಗಳದಲ್ಲಿ ಆಗುವ ಕೆಲಸವಲ್ಲವೆಂದು ಒಪ್ಪಬೇಕಾಯಿತು. ಸಿಲಿಂಡರನ್ನು ಚೀಲದಲ್ಲಿ ಹೊತ್ತು ಹೊಸೂರಿನ ಲೇತಿನ ಅಂಗಡಿಗೆ ಹೋದೆವು. ಅಲ್ಲಿ ಒಳಗನ್ನು ಅರ್ಧ ಮಿಲಿಮೀಟರು ಹಿಗ್ಗಿಸಿ ಕೊರೆದು ಕೊಟ್ಟರು. ಅದಕ್ಕೆ ಹೊಂದುವ ಪಿಸ್ಟನ್ನೂ ರಿಂಗುಗಳೂ ಬೆಂಗಳೂರಿನಿಂದ ಬಂದವು.

ಪಾಯಿಂಟಿನ ಕೆಲಸವನ್ನು ಹುಡುಗರೇ ಮಾಡಿದರು. ಎಂಜಿನ್ನಿನ ಬಲಮಗ್ಗುಲ ಮುಚ್ಚಳವನ್ನು ತೆಗೆದರೆ ಡೈನಮೋ, ಅದರ ಬಳಿಯಲ್ಲಿಯೇ ಪಾಯಿಂಟು. ಅವು ಪೂರ್ತಿ ತೆರೆದಾಗ ನಡುವಣ ಸಂದು 0.4 ಮಿಲಿಮೀಟರು ಇರಬೇಕು. ಗೇಜು ಇಲ್ಲದ ಕಾಲದಲ್ಲಿ ಅಂಚೆ ಕಾರ್ಡನ್ನು ತೂರಿಸಿ ನೋಡುತ್ತಿದ್ದರಂತೆ. ಕಾರ್ಡು ಅಷ್ಟು ದಪ್ಪವಿರುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಅರ್ಧ ಗಾಡಿಗಳು ಕಿಕ್ಕಿಗೆ ಒಗ್ಗದೆ ಕಾಡಿದ್ದು ಈ ಕಾರ್ಡಿನಿಂದಲೇ. ಗೇಜಿಗೆ ಹೆಚ್ಚು ದುಡ್ಡಾಗುವುದಿಲ್ಲ, ಕೊಳ್ಳುವುದು ಲೇಸು. ಬ್ರೇಕಿನ ಡ್ರಮ್ಮನ್ನು ಬಿಚ್ಚಿದಾಗ ಒಳಗಿನ ಧೂಳನ್ನು ಬಾಯಿಂದ ಊದಬಾರದೆಂದೂ ಹುಡುಗರಿಗೆ ಹೇಳಿದೆವು. ಹಳೆಯ ಬ್ರೇಕಿನ ಪಟ್ಟಿಗಳಲ್ಲಿ ಕಲ್ನಾರು ಇರುತ್ತಿತ್ತು. ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಕಟ್ಟಿ ಎಸೆದೆವು. ಮೇಷ್ಟರು ನಲವತ್ತು ವರ್ಷ ಊದಿಯೇ ಶುಚಿಮಾಡಿದವರು. ಈ ಮಾತನ್ನು ಕೇಳಿ ಅವರು ಏನೂ ಹೇಳಲಿಲ್ಲ.

ಭಾಷೆಯ ವಿಷಯವಾಗಿಯೂ ಒಂದು ಸಂಗತಿಯನ್ನು ಗಮನಿಸಿದೆವು. ನಮ್ಮ ಸೀಮೆಯಲ್ಲಿ ಮೆಕ್ಯಾನಿಕ್ಕು ತಮಿಳಿನಲ್ಲಿ ಕೇಳಿ, ತೆಲುಗಿನಲ್ಲಿ ಬೈದು, ಕನ್ನಡದಲ್ಲಿ ಲೆಕ್ಕ ಹೇಳುವುದುಂಟು. ಬಿಡಿಭಾಗಗಳ ಹೆಸರುಗಳೆಲ್ಲ ಇಂಗ್ಲಿಷಿನವೇ. ಆದರೆ ಯಂತ್ರದ ಕಾಯಿಲೆಗಳಿಗೆ ಮಾತ್ರ ನಮ್ಮ ಮಾತುಗಳೇ ಉಳಿದಿವೆ. ಗಾಡಿ ‘ಕೆಮ್ಮುತ್ತದೆ’, ‘ಮುಗ್ಗರಿಸುತ್ತದೆ’, ಎಂಜಿನ್ನು ‘ಕಚ್ಚಿಕೊಳ್ಳುತ್ತದೆ’, ಟ್ಯಾಂಕು ‘ಅಳುತ್ತದೆ’. ಈ ಮಾತುಗಳನ್ನು ಹುಡುಗರು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಈವರೆಗೆ ಅರವತ್ತಮೂರು ಆಗಿವೆ.

ಜಾವಾದ ಅವಸಾನಕ್ಕೆ ನಮ್ಮ ಹೊಸೂರೂ ಒಂದು ಕಾರಣವೆಂದರೆ ಓದುಗರು ನಂಬಲಾರರು. 1970ರ ದಶಕದಲ್ಲಿ ತಮಿಳುನಾಡು ಸರ್ಕಾರದ ಸಂಸ್ಥೆಯು ಹೊಸೂರಿನಲ್ಲಿ ಕೈಗಾರಿಕಾ ವಸಾಹತನ್ನು ತೆರೆಯಿತು. ಅಲ್ಲಿಂದ 1980ರಲ್ಲಿ ಟಿ.ವಿ.ಎಸ್. 50 ಎಂಬ ಪುಟ್ಟ ಮೊಪೆಡ್ ಹೊರಬಂತು. 1984ರಲ್ಲಿ ಜಪಾನಿನ ಸುಜುಕಿಯವರ ನೆರವಿನಿಂದ 100 ಸಿ.ಸಿ.ಯ ಇಂಡ್-ಸುಜುಕಿ ಅಲ್ಲಿಯೇ ತಯಾರಾಯಿತು. ಮರುವರ್ಷ ಹೀರೋ ಹೊಂಡಾ, ಯಮಾಹಾ ಗಾಡಿಗಳೂ ಬಂದವು. ಇವು ಹಗುರ, ಕುಡಿಯುವ ಪೆಟ್ರೋಲೂ ಕಡಮೆ. ಹೆಚ್ಚು ಪೆಟ್ರೋಲು ಕುಡಿದು ಹೊಗೆ ಉಗುಳುವ ಯೆಜ್ಡಿಗೆ ಇವುಗಳ ಮುಂದೆ ನಿಲ್ಲುವುದು ಕಷ್ಟವಾಯಿತು. ಹೊಗೆಯ ಮೇಲಣ ಸರ್ಕಾರದ ಮಿತಿಗಳೂ 1991ರಿಂದ ಬಂದು 1996ರಲ್ಲಿ ಬಿಗಿಯಾದವು. ಸಾಲ, ಕಾರ್ಮಿಕರೊಡನೆ ತಿಕ್ಕಾಟ ಎಲ್ಲವೂ ಸೇರಿ ಯಾದವಗಿರಿಯ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಕಾರ್ಖಾನೆಯನ್ನು ನಂಬಿದ್ದ ಮೈಸೂರಿನ ಮನೆಗಳು ಎಷ್ಟೋ. ಹೊಸೂರಿನಲ್ಲಿ ಕೆಲಸ ಸಿಕ್ಕಿ ನೆಲೆಕಂಡ ನಮ್ಮ ಊರಿನ ಮನೆಗಳೂ ಎಷ್ಟೋ. ಎರಡನ್ನೂ ಬಲ್ಲ ನಾವು ಯಾವುದನ್ನೂ ಹಳಿಯಲಾರೆವು. ಜಾವಾ ಎಂಬ ಹೆಸರು 2018ರಲ್ಲಿ ಮತ್ತೆ ರಸ್ತೆಗೆ ಬಂದಿದೆ. ಆದರೆ ಅದು ಮಧ್ಯಪ್ರದೇಶದ ಪೀಥಂಪುರದಲ್ಲಿ ತಯಾರಾದ ನಾಲ್ಕು ಹೊಡೆತದ ಬೇರೆಯೇ ಯಂತ್ರ.

ಹಳೆಯ ಗಾಡಿಯ ಮನೆಯಾರೈಕೆಗೆ ಈಗ ಹೊಸದೊಂದು ತೊಡಕು ಬಂದಿದೆ. ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಈಗ ಶೇಕಡ 20ರವರೆಗೆ ಎಥನಾಲ್ ಬೆರೆತಿದೆ. ಇದು ಗಾಳಿಯ ತೇವವನ್ನು ಹೀರುತ್ತದೆ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿದರೆ ನೀರು ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿದು ತುಕ್ಕು ಹಿಡಿಸುತ್ತದೆ. ಹಳೆಯ ರಬ್ಬರಿನ ಕೊಳವೆಗಳೂ ವಾಷರುಗಳೂ ಮೆತ್ತಗಾಗಿ ಬಿರಿಯುತ್ತವೆ. ಆದ್ದರಿಂದ ನಾವು ಪೆಟ್ರೋಲಿನ ಕೊಳವೆಯನ್ನು ಹೊಸದಕ್ಕೆ ಬದಲಿಸಿದೆವು. ನಿಲ್ಲಿಸುವ ಮುನ್ನ ಕಾರ್ಬೊರೇಟರನ್ನು ಬರಿದು ಮಾಡುವುದನ್ನು ಅಭ್ಯಾಸಮಾಡಿಕೊಂಡೆವು.

ಕಾರ್ಬೊರೇಟರಿನ ಹೆಸರೆತ್ತಿದ್ದರಿಂದ ಒಂದು ದೂರು. ಹಲವು ವರ್ಷಗಳ ಹಿಂದೆ ಮೇಷ್ಟರು ಈ ಗಾಡಿಯನ್ನು ಒಂದು ವರ್ಕ್‌ಷಾಪಿಗೆ ಒಪ್ಪಿಸಿದ್ದಾಗ, ಅಲ್ಲಿಯವರು ಮೂಲದ ಯೀಕೋವ್ ಕಾರ್ಬೊರೇಟರನ್ನು ತೆಗೆದು ಕೆಲಸಕ್ಕೆ ಬಾರದ ನಕಲಿಯೊಂದನ್ನು ಕೂರಿಸಿ ಕಳಿಸಿದ್ದರು. ಇದು ನಮಗೆ ತಿಳಿದದ್ದು ಈಗ ಬಿಚ್ಚಿದಾಗ. ಮನೆಯಲ್ಲಿ ಬಿಚ್ಚುವವನಿಗೆ ತನ್ನ ಗಾಡಿಯೊಳಗೆ ಏನಿದೆಯೆಂಬುದಾದರೂ ಗೊತ್ತಿರುತ್ತದೆ. ಹಳೆಯ ಮೂಲಭಾಗವೊಂದು ಮೈಸೂರಿನ ಜಾವಾ ಪ್ರೇಮಿಯೊಬ್ಬರಿಂದ ದೊರಕಿತು. ಜುಲೈ ತಿಂಗಳ ಎರಡನೆಯ ಭಾನುವಾರ ಈ ಗಾಡಿಗಳವರು ಸೇರಿ ಜಾವಾ ಯೆಜ್ಡಿ ದಿನವನ್ನಾಚರಿಸುವ ವಾಡಿಕೆಯಿದೆ. ಇಂಥ ಕೊಡುಕೊಳ್ಳುವಿಕೆ ಹೆಚ್ಚಾಗಿ ಅಂಥ ಕೂಟಗಳ ಪರಿಚಯದಿಂದಲೇ ನಡೆಯುತ್ತದೆ.

ಗಡುವಿಗೆ ಇನ್ನೆರಡು ದಿನ ಉಳಿದಿದ್ದಾಗ, ಸಂಜೆ ಐದರ ಹೊತ್ತಿಗೆ, ಏಳನೆಯ ಕಿಕ್ಕಿಗೆ ಎಂಜಿನ್ನು ಹತ್ತಿಕೊಂಡಿತು. ಅಂಗಳವೆಲ್ಲ ನೀಲಿ ಹೊಗೆ. ಮೇಷ್ಟರ ಶ್ರೀಮತಿಯವರು ಒಳಗಿನಿಂದ ಬಂದು, ಸದ್ದನ್ನು ಕೇಳುತ್ತ ಕಂಬಕ್ಕೊರಗಿ ನಿಂತು, “ಇನ್ನು ಗುಜರಿಯವನು ಬಂದರೆ ನಾನೇ ಕಳಿಸಿಬಿಡುತ್ತೇನೆ” ಎಂದರು. ಮೇಷ್ಟರಿಗೆ ಮೊಣಕಾಲಿನ ನೋವು, ಅವರು ಗಾಡಿಯನ್ನೇರಲಾರರು. ಹುಡುಗರಲ್ಲಿ ಹಿರಿಯನಿಗೆ ಹದಿನೆಂಟು ತುಂಬಿ ಲೈಸೆನ್ಸು ಬರುವ ತನಕ ನಮ್ಮಲ್ಲೊಬ್ಬರು ವಾರಕ್ಕೊಮ್ಮೆ ಕೆರೆಯ ಏರಿಯವರೆಗೆ ಓಡಿಸಿ ತರುವುದೆಂದು ಗೊತ್ತಾಗಿದೆ. ಬಲಗಡೆಯ ಸೈಲೆನ್ಸರಿನ ಒಳಕೊಳವೆಗೆ ಕಟ್ಟಿರುವ ಮಸಿಯನ್ನು ಇನ್ನೂ ಕೆರೆದಿಲ್ಲ. ಅದನ್ನು ದಸರೆಯ ರಜೆಗೆ ಇಟ್ಟುಕೊಂಡಿದ್ದೇವೆ.