ಭಾಷೆಯೇ ಬಂಡವಾಳ: ಬೆನ್ನಿ ಲೂಯಿಸ್, ಅನೂಪ್ ಮಯ್ಯ, ಡಾ. ಬ್ರೋ ನಡೆದ ದಾರಿ

ಗುಂಡ್ಲುಪೇಟೆ: ಸೂರ್ಯಕಾಂತಿ, ಚೆಂಡು ಹೂ ಅರಳುವ ತಿಂಗಳು ಬಂದರೆ ಸಾಕು, ಹೆದ್ದಾರಿ ಪಕ್ಕದ ಹೊಲಗಳಲ್ಲಿ ಮೊಬೈಲ್ ಹಿಡಿದು ನಿಂತ ಕೇರಳದ ಪ್ರವಾಸಿಗರು ಕಾಣ್ತಾರೆ. ಅವರು ಹಾಕಿದ ವಿಡಿಯೊ ನೋಡಿ ಇನ್ನಷ್ಟು ಜನ ಬರ್ತಾರೆ. ಹೊಲದವರಿಗೆ ಫೋಟೊ ಕಾಸು, ಟೀ ಅಂಗಡಿ, ಹೋಟೆಲಿನವರಿಗೆ ವ್ಯಾಪಾರ. ಇದನ್ನೆಲ್ಲ ನೋಡಿ ‘ನಾನೂ ಒಂದು ಚಾನೆಲ್ ಮಾಡ್ತೀನಿ’ ಅನ್ನೋ ಹುಡುಗರು ಇಲ್ಲೂ ಕಮ್ಮಿ ಇಲ್ಲ, ಚಾಮರಾಜನಗರದಲ್ಲೂ ಕಮ್ಮಿ ಇಲ್ಲ. ಭಾಷೆ ಮತ್ತು ಪ್ರವಾಸ ನಂಬಿ ಬದುಕು ಕಟ್ಟಿಕೊಂಡ ಮೂವರ ದಾರಿ ಹೇಗಿತ್ತು, ಕಾಸು ಎಲ್ಲಿಂದ ಬರುತ್ತೆ ಅನ್ನೋ ವಿವರ ಇಲ್ಲಿದೆ.

ಬೆನ್ನಿ ಲೂಯಿಸ್: ತಪ್ಪಾದರೂ ಮಾತಾಡು

ಬೆನ್ನಿ ಲೂಯಿಸ್ ಐರ್ಲೆಂಡ್‌ನ ಕ್ಯಾವನ್ ಕಡೆಯವರು. ಓದಿದ್ದು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್. ಶಾಲೆಯಲ್ಲಿ ಐರಿಷ್, ಜರ್ಮನ್ ಕಲಿತಿದ್ದರೂ 21 ವರ್ಷ ಆಗುವ ತನಕ ಬಾಯಲ್ಲಿ ಬರ್ತಾ ಇದ್ದದ್ದು ಇಂಗ್ಲಿಷ್ ಒಂದೇ. ಡಿಗ್ರಿ ಮುಗಿಸಿ ಸ್ಪೇನ್‌ಗೆ ಹೋದರು. ಇಂಗ್ಲಿಷ್ ಮಾತಾಡುವವರ ಜತೆಯೇ ಓಡಾಡಿಕೊಂಡು ಆರು ತಿಂಗಳು ಕಳೆದರು, ಸ್ಪ್ಯಾನಿಷ್ ಬರಲೇ ಇಲ್ಲ. ಆಮೇಲೆ ಇಂಗ್ಲಿಷ್ ಬಿಟ್ಟು, ತಪ್ಪೋ ಸರಿಯೋ ಸ್ಪ್ಯಾನಿಷ್‌ನಲ್ಲೇ ಮಾತಾಡೋಕೆ ಶುರು ಮಾಡಿದರು. ಭಾಷೆ ಬಂತು.

‘ಮೊದಲ ದಿನದಿಂದಲೇ ಮಾತಾಡಿ’ ಅನ್ನೋ ಆ ಒಂದು ಪಾಠವೇ ಮುಂದೆ ಅವರ ಕಸುಬಾಯಿತು. ದೇಶ ಸುತ್ತುತ್ತಾ, ಹೊಸ ಭಾಷೆ ಕಲಿಯುತ್ತಾ, ಅದರ ವಿಡಿಯೊ ಹಾಕುತ್ತಾ ಹೋದರು. 2009ರಲ್ಲಿ ‘ಫ್ಲೂಯೆಂಟ್ ಇನ್ 3 ಮಂತ್ಸ್’ ಎಂಬ ವೆಬ್‌ಸೈಟ್ ತೆರೆದರು, 2014ರಲ್ಲಿ ಅದೇ ಹೆಸರಿನ ಪುಸ್ತಕ ಬಂತು. ಮೂರೇ ತಿಂಗಳಲ್ಲಿ ಭಾಷೆ ಬರುತ್ತಾ ಅಂತ ಟೀಕೆ ಮಾಡಿದವರೂ ಇದ್ದಾರೆ. ಪಂಡಿತರಂತೆ ಅಲ್ಲ, ಜನರ ಜತೆ ತಡವರಿಸದೆ ಹರಟುವಷ್ಟು ಬಂದರೆ ಸಾಕು ಅನ್ನೋದು ಅವರ ಲೆಕ್ಕ.

ಅನೂಪ್ ಮಯ್ಯ: ವಾಟ್ಸ್‌ಆ್ಯಪ್‌ನಲ್ಲೇ ಕನ್ನಡ ಪಾಠ

ಬೆಂಗಳೂರಿಗೆ ಬಂದ ಹೊರ ರಾಜ್ಯದವರು ಹೆಚ್ಚು ಬಳಸುವ ಮಾತು ‘ಕನ್ನಡ ಗೊತ್ತಿಲ್ಲ’. ಅನೂಪ್ ಮಯ್ಯ ಅದನ್ನೇ ಹೆಸರು ಮಾಡಿಕೊಂಡು ಕನ್ನಡ ಕಲಿಸುವ ಸಂಸ್ಥೆ ಕಟ್ಟಿದರು. ದೊಡ್ಡ ಕಟ್ಟಡ, ಬೆಂಚು, ಬೋರ್ಡು ಬೇಕಾಗಲಿಲ್ಲ. ವಾಟ್ಸ್‌ಆ್ಯಪ್ ಗುಂಪಲ್ಲೇ ಪಾಠ ಶುರುವಾಯಿತು. ವ್ಯಾಕರಣಕ್ಕಿಂತ ಮೊದಲು ಆಟೊದವರ ಹತ್ತಿರ, ಅಂಗಡಿಯಲ್ಲಿ, ಆಫೀಸಿನಲ್ಲಿ ಬೇಕಾಗೋ ಮಾತು. ಕಲಿಯೋರ ಕೈಯಲ್ಲಿ ಇರೋ ಫೋನಿಗೇ ಪಾಠ ತಲುಪಿಸಿದ್ದು ಇಲ್ಲಿನ ಜಾಣತನ.

ಡಾ. ಬ್ರೋ: ಯಾವ ದೇಶಕ್ಕೆ ಹೋದರೂ ಕನ್ನಡ

ಮೂರನೆಯವರು ಎಲ್ಲರಿಗೂ ಗೊತ್ತಿರುವ ಗಗನ್ ಶ್ರೀನಿವಾಸ್, ಅಂದರೆ ಡಾ. ಬ್ರೋ. ‘ನಮಸ್ಕಾರ ದೇವ್ರು’ ಅಂದರೆ ಸಾಕು, ಚಿಕ್ಕ ಮಕ್ಕಳೂ ಹೆಸರು ಹೇಳ್ತಾರೆ. ಪಾಕಿಸ್ತಾನ, ಅಫ್ಗಾನಿಸ್ತಾನದ ಬೀದಿಯಲ್ಲಿ ನಿಂತರೂ ಅವರು ಮಾತಾಡಿದ್ದು ಕನ್ನಡದಲ್ಲೇ. ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಮಾಡಿದ್ದರೆ ನೂರಾರು ಚಾನೆಲ್‌ಗಳಲ್ಲಿ ಒಂದಾಗಿರುತ್ತಿತ್ತು. ಕನ್ನಡದಲ್ಲಿ ಮಾಡಿದ್ದಕ್ಕೆ ಮನೆಯ ಅಜ್ಜ ಅಜ್ಜಿಯೂ ಕೂತು ನೋಡಿದರು. ಆ ನಂಬಿಕೆಯ ಮೇಲೆ ‘ಗೋ ಪ್ರವಾಸ’ ಅನ್ನೋ ಪ್ರವಾಸ ಕಂಪನಿ ಶುರುವಾಯಿತು.

ಕಾಸಿನ ಲೆಕ್ಕ

ಚಾನೆಲ್ ತೆರೆದ ತಕ್ಷಣ ದುಡ್ಡು ಬರಲ್ಲ. ಯೂಟ್ಯೂಬ್‌ನ ಜಾಹೀರಾತು ಹಣದಲ್ಲಿ ಪಾಲು ಬೇಕಾದರೆ 1,000 ಚಂದಾದಾರರು, ಜತೆಗೆ 12 ತಿಂಗಳಲ್ಲಿ ಜನ 4,000 ಗಂಟೆ ನೋಡಿರಬೇಕು. 10 ನಿಮಿಷದ ವಿಡಿಯೊ ಆದರೆ, ಪೂರ್ತಿಯಾಗಿ 24,000 ಸಲ ನೋಡಿದ ಹಾಗೆ. ಶಾರ್ಟ್ಸ್ ಮಾಡುವವರಿಗೆ 90 ದಿನದಲ್ಲಿ 1 ಕೋಟಿ ವೀಕ್ಷಣೆ ಆಗಬೇಕು. ದೊಡ್ಡ ವಿಡಿಯೊದಲ್ಲಿ 100 ರೂಪಾಯಿ ಜಾಹೀರಾತು ಹಣ ಬಂದರೆ ಮಾಡಿದವರಿಗೆ 55 ರೂಪಾಯಿ, ಉಳಿದ 45 ಯೂಟ್ಯೂಬ್‌ಗೆ.

ಅದಕ್ಕೇ ಈ ಮೂವರೂ ವೀಕ್ಷಣೆಯೊಂದನ್ನೇ ನಂಬಿ ಕೂರಲಿಲ್ಲ. ಒಬ್ಬರು ಪುಸ್ತಕ ಮಾರಿದರು, ಒಬ್ಬರು ಪಾಠ ಮಾರಿದರು, ಒಬ್ಬರು ಪ್ರವಾಸ ಮಾರಿದರು. ವಿಡಿಯೊ ಅಂಗಡಿಯ ಬೋರ್ಡ್ ಇದ್ದ ಹಾಗೆ. ಬೋರ್ಡ್ ನೋಡಿ ಜನ ಒಳಗೆ ಬರ್ತಾರೆ, ಆದರೆ ಒಳಗೆ ಸಾಮಾನು ಇರಬೇಕು.

ನಮ್ಮ ತಾಲ್ಲೂಕಿನ ಸಾಮಾನು ಯಾವುದು?

ಗುಂಡ್ಲುಪೇಟೆಯಿಂದ ಒಂದು ಹೆದ್ದಾರಿ ಸುಲ್ತಾನ್ ಬತ್ತೇರಿ ಕಡೆ, ಇನ್ನೊಂದು ಗೂಡಲೂರು, ಊಟಿ ಕಡೆ. ಚಾಮರಾಜನಗರದಿಂದ ಸತ್ಯಮಂಗಲದ ದಾರಿ. ಇಲ್ಲಿನ ಅಂಗಡಿಯವರು ಎಷ್ಟೋ ಜನ ಕೇರಳದ ಗಿರಾಕಿಗೆ ಮಲಯಾಳದಲ್ಲಿ ದರ ಹೇಳಿ, ಪಕ್ಕದವರಿಗೆ ತಮಿಳಿನಲ್ಲಿ ಚಿಲ್ಲರೆ ಕೊಟ್ಟು, ನಮ್ಮವರ ಹತ್ತಿರ ಕನ್ನಡದಲ್ಲಿ ಸಾಲ ಕೇಳ್ತಾರೆ. ಯಾವ ಸ್ಕೂಲಿಗೂ ಹೋಗಿ ಕಲಿತದ್ದಲ್ಲ, ವ್ಯಾಪಾರದಲ್ಲೇ ಬಂದದ್ದು. ಬೆನ್ನಿ ಲೂಯಿಸ್ ಪುಸ್ತಕ ಬರೆದು ಹೇಳಿದ್ದನ್ನು ನಮ್ಮ ಸಂತೆಯಲ್ಲಿ ದಿನಾ ಮಾಡ್ತಾರೆ.

ಶುಂಠಿಗೆ ಜಮೀನು ಗುತ್ತಿಗೆ ಹಿಡಿಯುವ ಕೇರಳದವರಿಗೆ, ಬೇರೆ ರಾಜ್ಯದಿಂದ ಬಂದ ಕೂಲಿಯವರಿಗೆ, ಬ್ಯಾಂಕಿಗೆ ಹೊಸದಾಗಿ ಬಂದವರಿಗೆ ಕನ್ನಡ ಬೇಕು. ಹೂವು, ತರಕಾರಿ ಮಾರುವ ನಮ್ಮವರಿಗೆ ಮಲಯಾಳ, ತಮಿಳು ಬೇಕು. ಚಾನೆಲ್ ಮಾಡೋ ಹುಡುಗರು ಬೆಟ್ಟ, ಹೂವಿನ ಹೊಲ ತೋರಿಸೋದರ ಜತೆ ಇದನ್ನೂ ಕಲಿಸಿದರೆ, ನೋಡುವವರೂ ಸಿಗ್ತಾರೆ, ಫೀಸು ಕೊಡುವವರೂ ಸಿಗಬಹುದು.

ಶೂಟಿಂಗ್‌ಗೆ ಮುಂಚೆ ಗೊತ್ತಿರಲಿ

ಬಂಡೀಪುರದ ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಆನೆ, ಜಿಂಕೆ ವಿಡಿಯೊ ಮಾಡುವ ಹಾಗಿಲ್ಲ, ದಂಡ ಬೀಳುತ್ತೆ. ಅನುಮತಿ ಇಲ್ಲದೆ ಡ್ರೋನ್ ಹಾರಿಸುವಂತಿಲ್ಲ. ಈ ಕಾಡಿನ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಸಂಚಾರ ನಿರ್ಬಂಧ ಇದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಸ್ವಂತ ಗಾಡಿ ಬಿಡಲ್ಲ, ಕೆಳಗಿಂದ ಕೆಎಸ್‌ಆರ್‌ಟಿಸಿ ಬಸ್ಸೇ ಹತ್ತಬೇಕು. ಹೂವಿನ ಹೊಲಕ್ಕೆ ಇಳಿಯೋ ಮುಂಚೆ ಹೊಲದ ಯಜಮಾನರನ್ನು ಒಂದು ಮಾತು ಕೇಳಿ. ಗಿಡ ತುಳಿದರೆ ಆ ವರ್ಷದ ಬೆಳೆ ಹೋಗೋದು ಅವರದು.