ಗರ್ಭನಿರೋಧಕ ಗುಳಿಗೆಯೂ ಔಷಧಗಳ ಪರಸ್ಪರ ವಿರೋಧವೂ

ಎರಡು ದ್ರವ್ಯಗಳು ಪ್ರತ್ಯೇಕವಾಗಿ ಹಿತಕರಗಳಾಗಿದ್ದರೂ ಕೂಡಿದೊಡನೆ ಅಹಿತವನ್ನುಂಟುಮಾಡಬಹುದೆಂಬ ವಿಚಾರವು ಭರತಖಂಡದ ವೈದ್ಯಶಾಸ್ತ್ರಕ್ಕೆ ಹೊಸತಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ೨೬ನೆಯ ಅಧ್ಯಾಯದಲ್ಲಿ ವಿರುದ್ಧಾಹಾರದ ಭೇದಗಳನ್ನು ಹೇಳುವಲ್ಲಿ ಸಂಯೋಗವಿರುದ್ಧವೂ ಒಂದಾಗಿ ಎಣಿಸಲ್ಪಟ್ಟಿದೆ. ಹಾಲನ್ನೂ ಮೀನನ್ನೂ ಒಟ್ಟಿಗೆ ಸೇವಿಸಬಾರದೆಂಬ ನಿಷೇಧವು ಆ ಅಧ್ಯಾಯದಲ್ಲಿಯೇ ಬಂದಿದೆ. ಇದನ್ನು ಮುಂದಿಟ್ಟುಕೊಂಡು, ಆಧುನಿಕರು ಹೇಳುವ ಔಷಧವಿರೋಧವನ್ನೆಲ್ಲ ಪ್ರಾಚೀನರು ಬಲ್ಲವರಾಗಿದ್ದರೆಂದು ಸಾಧಿಸಹೊರಡುವುದು ಮಾತ್ರ ಯುಕ್ತವಲ್ಲ. ಚರಕನು ಹೇಳುವ ವಿರೋಧದಿಂದ ಹೊಸ ವ್ಯಾಧಿಯು ಹುಟ್ಟುತ್ತದೆ. ಗರ್ಭನಿರೋಧಕ ಗುಳಿಗೆಯ ವಿಷಯದಲ್ಲಿ ಕಂಡುಬಂದ ವಿರೋಧವಾದರೋ ಬಹುಮಟ್ಟಿಗೆ ಬೇರೆಯ ಜಾತಿಯದು. ಅಲ್ಲಿ ಒಂದು ಔಷಧವು ಇನ್ನೊಂದರ ಫಲವನ್ನು ಸದ್ದಿಲ್ಲದೆ ಅಳಿಸುತ್ತದೆ. ಸೇವಿಸಿದವಳಿಗೆ ನೋವಿಲ್ಲ, ಜ್ವರವಿಲ್ಲ. ಎಷ್ಟೋ ವೇಳೆ ಸಂಗತಿ ತಿಳಿಯುವುದು ಗರ್ಭವು ನಿಂತ ಮೇಲೆಯೇ.

ಗುಳಿಗೆಯ ಮೂಲವು ಮೆಕ್ಸಿಕೋ ದೇಶದಲ್ಲಿದೆ. ಅಲ್ಲಿಯ ಕಾಡುಗೆಣಸಿನ ಸತ್ತ್ವದಿಂದ ಪ್ರೊಜೆಸ್ಟರೋನ್ ಎಂಬ ಅಂತಃಸ್ರಾವವನ್ನು ಸಿದ್ಧಪಡಿಸುವ ಮಾರ್ಗವನ್ನು ರಸಲ್ ಮಾರ್ಕರ್ ಎಂಬ ರಸಾಯನಜ್ಞನು ೧೯೪೦ರ ದಶಕದಲ್ಲಿ ಕಂಡುಹಿಡಿದನು. ೧೯೫೧ನೆಯ ಇಸವಿ ಅಕ್ಟೋಬರ್ ೧೫ರಂದು ಮೆಕ್ಸಿಕೋ ನಗರದ ಸಿಂಟೆಕ್ಸ್ ಪ್ರಯೋಗಶಾಲೆಯಲ್ಲಿ ಲೂಯಿಸ್ ಮಿರಾಮೊಂಟೆಸ್ ಎಂಬ ತರುಣನು ನೊರೆಥಿಸ್ಟರೋನ್ ದ್ರವ್ಯವನ್ನು ಸಿದ್ಧಗೊಳಿಸಿದನು. ಮೊದಲ ಗುಳಿಗೆಗಳಲ್ಲಿ ಇಂತಹ ಪ್ರೊಜೆಸ್ಟಿನ್ನಿನೊಡನೆ ಈಸ್ಟ್ರೋಜನ್ ಎಂಬ ಎರಡನೆಯ ಸತ್ತ್ವವೂ ಸೇರಿದ್ದಿತು. ಈಸ್ಟ್ರೋಜನ್ನಿಲ್ಲದೆ ಅಲ್ಪಪ್ರಮಾಣದ ಪ್ರೊಜೆಸ್ಟಿನ್ನನ್ನೇ ಪ್ರತಿದಿನವೂ ಕೊಟ್ಟರೆ ಸಾಕೇ ಎಂಬ ಪರೀಕ್ಷೆಯೂ ಮೆಕ್ಸಿಕೋದಲ್ಲಿಯೇ ನಡೆದು, ಕ್ಲೋರ್ಮಾಡಿನೋನ್ ಎಂಬ ದ್ರವ್ಯದ ಫಲಿತಾಂಶಗಳು ೧೯೬೬ರಲ್ಲಿ ಪ್ರಕಟವಾದವು. ಆ ದ್ರವ್ಯವು ನಾಯಿಗಳ ಮೇಲಣ ಪರೀಕ್ಷೆಯಲ್ಲಿ ಸ್ತನಗ್ರಂಥಿಗಳನ್ನುಂಟುಮಾಡಿದ ಕಾರಣ ೧೯೭೦ರ ಸುಮಾರಿಗೆ ಹಿಂದೆಗೆಯಲ್ಪಟ್ಟಿತು. ಅದರ ಸ್ಥಾನಕ್ಕೆ ನೊರೆಥಿಸ್ಟರೋನ್ ಮತ್ತು ನಾರ್‌ಜೆಸ್ಟ್ರೆಲ್ ಬಂದವು.

ಇಲ್ಲಿ ಪ್ರಮಾಣವನ್ನು ಗಮನಿಸಬೇಕು. ಜೋಡಿಸತ್ತ್ವದ ಒಂದು ಪ್ರಸಿದ್ಧ ಗುಳಿಗೆಯಲ್ಲಿ ನಾರ್‌ಜೆಸ್ಟ್ರೆಲ್ ೫೦೦ ಮೈಕ್ರೋಗ್ರಾಂ ಇದ್ದರೆ, ಕೇವಲ ಪ್ರೊಜೆಸ್ಟಿನ್ನಿನ ಗುಳಿಗೆಯಲ್ಲಿ ಅದು ೭೫ ಮಾತ್ರ, ಎಂದರೆ ಏಳನೆಯ ಒಂದು ಪಾಲು. ಎದೆಹಾಲೂಡುವ ತಾಯಿಯೂ ಈಸ್ಟ್ರೋಜನ್ ಒಗ್ಗದವಳೂ ಇದನ್ನು ಸೇವಿಸಬಹುದೆಂಬ ಗುಣವು ಈ ಅಲ್ಪತೆಯ ಜೊತೆಗೇ ಬಂದುದು. ನಿಯತಕಾಲಕ್ಕೆ ಮೂರು ತಾಸು ತಡವಾದರೆ ಗುಳಿಗೆ ತಪ್ಪಿದಂತೆಯೇ ಎಂದು ಹಳೆಯ ಬಗೆಗಳ ವಿಷಯದಲ್ಲಿ ವೈದ್ಯರು ವಿಧಿಸಿದ ಕಟ್ಟಳೆಗೆ ಕಾರಣವೂ ಅದೇ. ಇಷ್ಟು ಕಿರಿದಾದ ಅಂಚಿನಲ್ಲಿ ನಿಂತಿರುವ ಔಷಧವನ್ನು ಬೇರೊಂದು ದ್ರವ್ಯವು ತುಸು ತಳ್ಳಿದರೂ ಸಾಕು.

ಹಾಗೆ ತಳ್ಳುವ ದ್ರವ್ಯವು ಮೊದಲು ಗುರುತಿಗೆ ಬಂದುದು ಕ್ಷಯಚಿಕಿತ್ಸೆಯಲ್ಲಿ. ಫ್ರಾನ್ಸಿನ ದಕ್ಷಿಣ ತೀರದ ಮಣ್ಣಿನಲ್ಲಿ ದೊರೆತ ಸೂಕ್ಷ್ಮಜೀವಿಯೊಂದರಿಂದ ಮಿಲಾನ್ ನಗರದ ಲೆಪೆಟಿಟ್ ಪ್ರಯೋಗಶಾಲೆಯವರು ೧೯೫೭ರಲ್ಲಿ ರಿಫಾಮೈಸಿನ್ ಎಂಬ ವರ್ಗವನ್ನು ಬೇರ್ಪಡಿಸಿದರು. ಆಗ ಜನಪ್ರಿಯವಾಗಿದ್ದ 'ರಿಫಿಫಿ' ಎಂಬ ಚಲಚ್ಚಿತ್ರದಿಂದ ಈ ಹೆಸರು ಹುಟ್ಟಿತೆಂಬುದು ಶಬ್ದವ್ಯುತ್ಪತ್ತಿಯಲ್ಲಿ ಆಸಕ್ತರಿಗೆ ವಿನೋದಕರವಾದ ಸಂಗತಿ. ಧಾತುಪಾಠದಲ್ಲಿ ಹುಡುಕಿದರೆ ಇದು ಸಿಕ್ಕುವಂತಿಲ್ಲ. ಇದರಿಂದಲೇ ಬಂದ ರಿಫಾಂಪಿಸಿನ್ ೧೯೬೮ರಲ್ಲಿ ಬಳಕೆಗೆ ಬಂದಿತು. ಮೂರು ವರ್ಷಗಳೊಳಗೆ ಜರ್ಮನಿಯಲ್ಲಿ ರೈಮರ್ಸ್ ಮತ್ತು ಯೆಜೆಕ್ ಎಂಬ ವೈದ್ಯರು, ಗುಳಿಗೆಯನ್ನು ಸೇವಿಸುತ್ತಿದ್ದ ಕ್ಷಯರೋಗಿಣಿಯರಲ್ಲಿ ಅಕಾಲದ ರಕ್ತಸ್ರಾವವನ್ನು ಕಂಡು ೧೯೭೧ರಲ್ಲಿ ಪ್ರಕಟಿಸಿದರು. ೧೯೭೩ರ ವರದಿಯು ಇನ್ನೂ ಗಂಭೀರವಾದುದು: ಎರಡನ್ನೂ ಸೇವಿಸಿದ ೮೮ ಮಂದಿ ಸ್ತ್ರೀಯರಲ್ಲಿ ಮೂರರಲ್ಲಿ ಎರಡು ಪಾಲಿಗೂ ಮಿಕ್ಕವರಿಗೆ ಋತುಕ್ರಮವು ಕೆಟ್ಟಿದ್ದಿತು, ಐವರು ಗರ್ಭವತಿಯರಾಗಿದ್ದರು. ಕ್ಷಯದಿಂದ ಬಳಲುತ್ತಿರುವಾಗ ಬೇಡವೆಂದು ನಿಶ್ಚಯಿಸಿದ ಗರ್ಭವನ್ನು ಹೊರಬೇಕಾಗಿ ಬಂದ ಆ ಐವರನ್ನು ವೈದ್ಯಪತ್ರಿಕೆಯು ಅಂಕಿಯಾಗಿ ಮಾತ್ರ ಉಳಿಸಿಕೊಂಡಿದೆ.

ಇವರ ಗುಳಿಗೆಗಳು ಬಹುತರ ಜೋಡಿಸತ್ತ್ವದವು. ಪ್ರೊಜೆಸ್ಟಿನ್ನಿಗೂ ಇದೇ ಗತಿಯೇ ಎಂಬ ಪ್ರಶ್ನೆಗೆ ೧೯೭೯ರಲ್ಲಿ ಲಿವರ್‌ಪೂಲಿನ ಸಂಶೋಧಕರು ಉತ್ತರವಿತ್ತರು. ರಿಫಾಂಪಿಸಿನ್ ಸೇವಿಸುವವರ ರಕ್ತದಲ್ಲಿ ನೊರೆಥಿಸ್ಟರೋನಿನ ಅರ್ಧಾಯುಷ್ಯವು ಹೆಚ್ಚುಕಡಮೆ ಅರ್ಧಕ್ಕಿಳಿದಿದ್ದಿತು. ಕಾರಣವು ಯಕೃತ್ತಿನಲ್ಲಿದೆ. ಪರದ್ರವ್ಯಗಳನ್ನು ಜೀರ್ಣಿಸಿ ಹೊರದೂಡುವ ಕಿಣ್ವಗಳನ್ನು ರಿಫಾಂಪಿಸಿನ್ ಹೆಚ್ಚಿಸುತ್ತದೆ. ಹೆಚ್ಚಿದ ಕಿಣ್ವವು ಗುಳಿಗೆಯ ಸತ್ತ್ವವನ್ನೂ ಬೇಗನೆ ಕರಗಿಸುತ್ತದೆ. ಔಷಧವನ್ನು ನಿಲ್ಲಿಸಿದ ಮೇಲೂ ಸುಮಾರು ನಾಲ್ಕು ವಾರ ಈ ಪ್ರಭಾವವು ಉಳಿಯುವುದು. ಅಪಸ್ಮಾರಕ್ಕೆ ಕೊಡುವ ಫಿನೋಬಾರ್ಬಿಟಾಲ್, ಫೆನಿಟಾಯಿನ್, ಕಾರ್ಬಮಾಜಪೀನ್‌ಗಳೂ ಇದೇ ವರ್ಗದವು. ಅಪಸ್ಮಾರರೋಗಿಣಿಯೊಬ್ಬಳು ಗುಳಿಗೆಯನ್ನು ಸೇವಿಸುತ್ತಿದ್ದರೂ ಗರ್ಭಿಣಿಯಾದ ವೃತ್ತಾಂತವು ೧೯೭೨ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾಗಿದೆ. ಅದೇ ರೋಗಕ್ಕೆ ಕೊಡುವ ವಾಲ್ಪ್ರೋಯೇಟ್ ಮಾತ್ರ ಹೀಗೆ ಮಾಡುವುದಿಲ್ಲ. ರೋಗವೊಂದೇ ಆದರೂ ಔಷಧಗಳ ಸ್ವಭಾವವು ಬೇರೆ. ಲೋಕದ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗವು ಭಾರತದಲ್ಲಿರುವುದರಿಂದಲೂ ರಿಫಾಂಪಿಸಿನ್ ಇಂದಿಗೂ ಕ್ಷಯಚಿಕಿತ್ಸೆಯ ಮುಖ್ಯೌಷಧಗಳಲ್ಲೊಂದಾಗಿರುವುದರಿಂದಲೂ, ಈ ಜರ್ಮನ್ ವೃತ್ತಾಂತವು ನಮ್ಮ ದೇಶಕ್ಕೆ ದೂರದ್ದಲ್ಲ.

ಇನ್ನು ಈ ಇತಿಹಾಸದಲ್ಲಿ ತರ್ಕವು ತಪ್ಪಿದ ಸ್ಥಳವೊಂದುಂಟು. ರಿಫಾಂಪಿಸಿನ್ ಜೀವಿರೋಧಕ ವರ್ಗಕ್ಕೆ ಸೇರಿದುದು. ೧೯೭೫ರಲ್ಲಿ ಆಂಪಿಸಿಲಿನ್ ಸೇವಿಸಿದ ಕೆಲವು ಸ್ತ್ರೀಯರು ಗರ್ಭ ಧರಿಸಿದರೆಂಬ ವರದಿಯು ಬಂದೊಡನೆ, ಜೀವಿರೋಧಕವಿದ್ದಲ್ಲೆಲ್ಲ ಗುಳಿಗೆಯು ನಿಷ್ಫಲವೆಂಬ ವ್ಯಾಪ್ತಿಯು ಕಲ್ಪಿಸಲ್ಪಟ್ಟಿತು. ಎಲ್ಲಿ ಬೆಂಕಿಯೋ ಅಲ್ಲಿ ಹೊಗೆಯೆಂಬ ಅನುಮಾನಕ್ಕೆ ಹಸಿಸೌದೆಯ ಸಂಯೋಗವು ಉಪಾಧಿಯೆಂದು ನೈಯಾಯಿಕರು ತೋರಿಸುವಂತೆ, ಇಲ್ಲಿಯೂ ಕಿಣ್ವವನ್ನು ಹೆಚ್ಚಿಸುವ ಗುಣವೇ ಉಪಾಧಿ, ಜೀವಿರೋಧಕತ್ವವು ಹೇತುವಲ್ಲ. ಕರುಳಿನ ಸೂಕ್ಷ್ಮಜೀವಿಗಳು ಈಸ್ಟ್ರೋಜನ್ನನ್ನು ಮರಳಿ ಸಕ್ರಿಯಗೊಳಿಸುತ್ತವೆ, ಅವು ಸತ್ತರೆ ಸತ್ತ್ವವು ನಷ್ಟವಾಗುತ್ತದೆ ಎಂಬ ಯುಕ್ತಿಯನ್ನು ಆಗ ಹೇಳುತ್ತಿದ್ದರು. ಆ ಯುಕ್ತಿಯನ್ನು ಒಪ್ಪಿದರೂ ಪ್ರೊಜೆಸ್ಟಿನ್ನಿಗೆ ಅದು ಅನ್ವಯಿಸದು. ಏಕೆಂದರೆ ಒಮ್ಮೆ ಜೀರ್ಣವಾದ ಪ್ರೊಜೆಸ್ಟಿನ್ ಆ ರೀತಿಯಲ್ಲಿ ಸಕ್ರಿಯರೂಪಕ್ಕೆ ಮರಳುವುದಿಲ್ಲ. ಆದರೂ ಜೋಡಿಸತ್ತ್ವದ ಗುಳಿಗೆಯವರಿಗೆ ಅಧಿಕ ಎಚ್ಚರಿಕೆಯ ವಿಧಿಯು ದಶಕಗಳ ಕಾಲ ನಡೆದುಬಂದು, ಬ್ರಿಟನ್ನಿನಲ್ಲಿ ೨೦೧೧ರಲ್ಲಿ ಮಾತ್ರ ಹಿಂದೆಗೆಯಲ್ಪಟ್ಟಿತು. ವಾಂತಿಭೇದಿಗಳಿಂದ ಗುಳಿಗೆಯೇ ರಕ್ತಗತವಾಗದೆ ಹೋಗುವುದು ಬೇರೆಯ ಮಾತು.

ಮೂಲಿಕೆಗಳಿಗೆ ಬಂದರೆ, ಸೇಂಟ್ ಜಾನ್ಸ್ ವರ್ಟ್ ಎಂಬ ಯೂರೋಪಿನ ಹಳದಿ ಹೂವಿನ ಗಿಡವೇ ಮುಖ್ಯವಾದುದು. ಡಯೊಸ್ಕೊರಿಡೀಸ್ ಇದರ ಜಾತಿಯನ್ನು ಬಲ್ಲನು. ಜೂನ್ ೨೪ರ ಸಂತ ಯೋಹಾನನ ಹಬ್ಬದ ಹೊತ್ತಿಗೆ ಅರಳುವುದರಿಂದ ಈ ಹೆಸರು. ಮನಸ್ಸಿನ ಖಿನ್ನತೆಗೆ ಇದನ್ನು ಚೀಟಿಯಿಲ್ಲದೆ ಕೊಳ್ಳುವ ರೂಢಿಯುಂಟು. ೨೦೦೦ರಲ್ಲಿ ಎಂಟು ಮಂದಿ ಆರೋಗ್ಯವಂತರ ಮೇಲೆ ನಡೆದ ಪರೀಕ್ಷೆಯಲ್ಲಿ ಇದು ಇಂಡಿನವೀರ್ ಎಂಬ ಏಡ್ಸ್ ಔಷಧದ ರಕ್ತಗತ ಪ್ರಮಾಣವನ್ನು ಶೇಕಡಾ ೫೭ರಷ್ಟು ತಗ್ಗಿಸಿತು. ಅದರ ಹೈಪರ್ಫೊರಿನ್ ಎಂಬ ಅಂಶವು ರಿಫಾಂಪಿಸಿನ್ ತಟ್ಟುವ ಬಾಗಿಲನ್ನೇ ತಟ್ಟುತ್ತದೆಂಬುದೂ ಅದೇ ವರ್ಷ ಸಿದ್ಧವಾಯಿತು. ೨೦೦೩ರಲ್ಲಿ ಗುಳಿಗೆ ಸೇವಿಸುವ ೧೨ ಮಂದಿಗೆ ಇದನ್ನು ಕೊಟ್ಟಾಗ ಏಳು ಮಂದಿಗೆ ಅಕಾಲಸ್ರಾವವಾಯಿತು. ಕೊಡುವ ಮೊದಲು ಹಾಗಾದವರು ಇಬ್ಬರು. ಅದು ಒಂದು ಮಿಲಿಗ್ರಾಂ ನೊರೆಥಿಸ್ಟರೋನ್ ಉಳ್ಳ ಜೋಡಿಗುಳಿಗೆಯೆಂಬುದನ್ನು ನೆನೆದರೆ, ಅದರ ಮೂರನೆಯ ಒಂದು ಪಾಲನ್ನು ಮಾತ್ರ ಸೇವಿಸುವವಳ ಸ್ಥಿತಿಯು ಊಹ್ಯವಾಗಿದೆ. ಸಸ್ಯಜನ್ಯವಾದುದೆಲ್ಲ ಸೌಮ್ಯವೆಂಬ ಲೋಕಪ್ರವಾದಕ್ಕೆ ಇಲ್ಲಿ ಆಧಾರವಿಲ್ಲ.

ಅಮೆರಿಕಾದಲ್ಲಿ ೨೦೧೯ರಲ್ಲಿ ಅಂಗೀಕೃತವಾದ ಡ್ರೊಸ್ಪಿರೆನೋನ್ ಗುಳಿಗೆಯಲ್ಲಿ ವಿರೋಧವು ಇನ್ನೊಂದು ಮುಖವಾಗಿಯೂ ಬರುತ್ತದೆ. ಅದು ರಕ್ತದಲ್ಲಿ ಪೊಟ್ಯಾಸಿಯಮ್ಮನ್ನು ಹೆಚ್ಚಿಸಬಲ್ಲುದಾದ್ದರಿಂದ, ಪೊಟ್ಯಾಸಿಯಂ ಪೂರಕಗಳೊಡನೆಯೂ ಕೆಲವು ರಕ್ತದೊತ್ತಡದ ಔಷಧಗಳೊಡನೆಯೂ ಸೇರಿದರೆ ಅಪಾಯವು ಗುಳಿಗೆಯ ಫಲಕ್ಕಲ್ಲ, ಹೃದಯಕ್ಕೆ. ಚರಕನ ವಿರುದ್ಧಕ್ಕೆ ಇದೊಂದೇ ತುಸು ಸಮೀಪವಾದುದು.

೨೦೨೩ನೆಯ ಇಸವಿ ಜುಲೈ ೧೩ರಂದು ಅಮೆರಿಕಾ ಸರ್ಕಾರವು ೭೫ ಮೈಕ್ರೋಗ್ರಾಂ ನಾರ್‌ಜೆಸ್ಟ್ರೆಲ್ ಗುಳಿಗೆಯನ್ನು ವೈದ್ಯರ ಚೀಟಿಯಿಲ್ಲದೆ ಮಾರಲು ಅನುಮತಿಯಿತ್ತಿತು. ಅಲ್ಲಿಯವರೆಗೆ ಬೇರೆ ಏನು ಸೇವಿಸುತ್ತೀಯೆಂದು ಕೇಳುವವನು ವೈದ್ಯನಾಗಿದ್ದನು. ಈಗ ಆ ಪ್ರಶ್ನೆಯನ್ನು ಪೆಟ್ಟಿಗೆಯ ಮೇಲಿನ ಬರಹವೇ ಕೇಳುತ್ತದೆ. ಕ್ಷಯ, ಅಪಸ್ಮಾರ, ಏಡ್ಸ್ ಮೊದಲಾದವುಗಳ ಔಷಧವನ್ನಾಗಲಿ, ಆ ಹಳದಿ ಹೂವಿನ ಮೂಲಿಕೆಯನ್ನಾಗಲಿ ಸೇವಿಸುವವರು ಮೊದಲು ತಜ್ಞರನ್ನು ಕೇಳಬೇಕೆಂದು ಅದರಲ್ಲಿ ಸೂಚನೆಯಿದೆ.